ಸೋಲಿನ ಹೊರೆ ಒಬ್ಬನ ತಲೆಗೇಕೆ?

ವಿಶ್ವಕಪ್ ಕಾಲ್ಚೆಂಡು ಪಂದ್ಯಾಟ ಹತ್ತಿರ ಬಂತೆಂದರೆ ಮಂಜೇಶ್ವರದಿಂದ ತೃಕ್ಕರಿಪುರದ ತನಕ ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಎರಡು ಬಣ್ಣಗಳು ಎದ್ದು ಕಾಣುತ್ತವೆ. ಒಂದು ಆರ್ಜೆಂಟೀನಾದ ತಿಳಿನೀಲಿ, ಇನ್ನೊಂದು ಬ್ರೆಜಿಲಿನ ಹಳದಿ. 2022ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ ಮತ್ತು ನೇಮಾರರ ಭಾರೀ ಕಟೌಟುಗಳನ್ನು ನಿಲ್ಲಿಸಿದ ಚಿತ್ರ ದೇಶವಿದೇಶಗಳ ಪತ್ರಿಕೆಗಳಲ್ಲಿ ಪ್ರಕಟವಾದುದು ಓದುಗರಿಗೆ ನೆನಪಿರಬಹುದು. ಬ್ರೆಜಿಲನ್ನು ಕಣ್ಣಾರೆ ಕಾಣದ ಹುಡುಗರು ಅಲ್ಲಿನ ಆಟಗಾರರ ಹೆಸರನ್ನು ತಮ್ಮ ದಾಯಾದಿಗಳ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಆ ಹಳದಿ ಅಂಗಿ ಬ್ರೆಜಿಲಿಗೆ ಬಂದದ್ದು ಯಾವುದೇ ಗೆಲುವಿನಿಂದಲ್ಲ, ಒಂದು ದೊಡ್ಡ ಸೋಲಿನಿಂದ ಎಂಬುದನ್ನೂ, ಆ ಸೋಲಿನ ಬೆಲೆಯನ್ನು ಒಬ್ಬ ಗೋಲ್‌ಕೀಪರ್ ತನ್ನ ಬಾಳಿನ ಐವತ್ತು ವರ್ಷ ತೆರಬೇಕಾಯಿತು ಎಂಬುದನ್ನೂ ಅವರಿಗೆ ಯಾರಾದರೂ ಹೇಳಬೇಕಾಗಿದೆ. ಅದು ಕೇವಲ ಆಟದ ಕಥೆಯಲ್ಲ. ಮಕ್ಕಳನ್ನು ಬೆಳೆಸುವವರೆಲ್ಲರೂ ಯೋಚಿಸಬೇಕಾದ ವಿಷಯ.

ಆ ಗೋಲ್‌ಕೀಪರನ ಹೆಸರು ಮೊಆಸಿರ್ ಬಾರ್ಬೋಸಾ. ಹುಟ್ಟಿದ್ದು 1921ರ ಮಾರ್ಚ್ 27ರಂದು, ಸಾವೊ ಪೌಲೊ ಸಂಸ್ಥಾನದ ಕಂಪೀನಾಸ್ ನಗರದಲ್ಲಿ. ಬ್ರೆಜಿಲಿನಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ರದ್ದುಪಡಿಸಿದ್ದು 1888ರಲ್ಲಿ. ಅಂದರೆ ಆ ಘಟನೆ ನಡೆದು ಕೇವಲ 33 ವರ್ಷಗಳಾದ ಮೇಲೆ ಹುಟ್ಟಿದ ಕಪ್ಪು ವರ್ಣದ ಮಗು ಅವರು. ಮೊದಲು ಅಂಚಿನಲ್ಲಿ ಓಡಿ ಆಡುವ ಮುನ್ನಡೆಯ ಆಟಗಾರರಾಗಿದ್ದು, ಅನಂತರ ಗೋಲಿಗೆ ಬಂದವರು. ಸಾವೊ ಪೌಲೊದ ಇಪಿರಂಗಾ ಕ್ಲಬ್ಬಿನಲ್ಲಿ ಹೆಸರು ಮಾಡಿ, 1945ರಲ್ಲಿ ರಿಯೋ ಡಿ ಜನೈರೊದ ವಾಸ್ಕೋ ಡ ಗಾಮಾ ಕ್ಲಬ್ಬನ್ನು ಸೇರಿದರು.

ಈ ಕ್ಲಬ್ಬಿನ ಹೆಸರು ನಮಗೆ ಅಪರಿಚಿತವಲ್ಲ. 1498ರಲ್ಲಿ ಕಲ್ಲಿಕೋಟೆಯ ಬಳಿಯ ಕಪ್ಪಾಡಿಗೆ ಬಂದಿಳಿದ ಪೋರ್ಚುಗೀಸ್ ನಾವಿಕನ ಆ ಯಾತ್ರೆಗೆ ನಾನೂರು ವರ್ಷ ತುಂಬಿದ ನೆನಪಿಗಾಗಿ 1898ರಲ್ಲಿ ಅದನ್ನು ಸ್ಥಾಪಿಸಲಾಯಿತು. 1923ರಲ್ಲಿ ಕಪ್ಪು ವರ್ಣದವರೂ ಕೂಲಿಕಾರರೂ ಇದ್ದ ತಂಡವನ್ನು ಕಟ್ಟಿ ರಿಯೋದ ಚಾಂಪಿಯನ್ ಪಟ್ಟವನ್ನು ಗೆದ್ದ ಕ್ಲಬ್ಬು ಅದು. ಮರುವರ್ಷ, ಅಂಥ ಹನ್ನೆರಡು ಆಟಗಾರರನ್ನು ಕೈಬಿಟ್ಟರೆ ಮಾತ್ರ ಶ್ರೀಮಂತ ಕ್ಲಬ್ಬುಗಳ ಹೊಸ ಒಕ್ಕೂಟಕ್ಕೆ ಪ್ರವೇಶ ಎಂದಾಗ, ಪ್ರವೇಶವೇ ಬೇಡ ಎಂದು ಪತ್ರ ಬರೆದು ದೂರ ನಿಂತ ಕ್ಲಬ್ಬೂ ಹೌದು. ಅಂಥಲ್ಲಿ ಬಾರ್ಬೋಸಾ ಅವರು ಅರಳಿದರು. ರಿಯೋ ಚಾಂಪಿಯನ್ ಪಟ್ಟ 1945, 1947 ಮತ್ತು 1949ರಲ್ಲಿ ವಾಸ್ಕೋಗೆ ದೊರೆಯಿತು. 1948ರಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳ ಮೊದಲ ಪಂದ್ಯಾಟವನ್ನು ವಾಸ್ಕೋ ಗೆದ್ದಾಗ, ಆರ್ಜೆಂಟೀನಾದ ಹೆಸರಾಂತ ರಿವರ್ ಪ್ಲೇಟ್ ತಂಡಕ್ಕೆ ಒಂದು ಗೋಲನ್ನೂ ಬಿಟ್ಟುಕೊಡದೆ ಕಾದವರು ಅವರು. 1949ರಲ್ಲಿ ಬ್ರೆಜಿಲ್ ದಕ್ಷಿಣ ಅಮೆರಿಕದ ಚಾಂಪಿಯನ್ ಆಯಿತು. ಹೀಗೆ 1950ರ ವಿಶ್ವಕಪ್ ಬರುವಾಗ 29 ವಯಸ್ಸಿನ ಬಾರ್ಬೋಸಾ ಅವರೇ ದೇಶದ ಪ್ರಥಮ ಗೋಲ್‌ಕೀಪರ್ ಎಂಬುದರಲ್ಲಿ ಹೆಚ್ಚಿನವರಿಗೆ ಸಂಶಯವಿರಲಿಲ್ಲ.

ಆ ವರ್ಷ ವಿಶ್ವಕಪ್ ನಡೆದದ್ದು ಬ್ರೆಜಿಲಿನಲ್ಲಿಯೇ. ಕೊನೆಯ ಹಂತದಲ್ಲಿ ಈಗಿನಂತೆ ಒಂದೇ ಫೈನಲ್ ಇರಲಿಲ್ಲ; ನಾಲ್ಕು ತಂಡಗಳು ಪರಸ್ಪರ ಆಡಿ, ಹೆಚ್ಚು ಅಂಕ ಪಡೆದವರು ಗೆಲ್ಲುವ ಕ್ರಮವಿತ್ತು. ಬ್ರೆಜಿಲ್ ಸ್ವೀಡನ್ನನ್ನು 7–1ರಿಂದ, ಸ್ಪೇನನ್ನು 6–1ರಿಂದ ಸೋಲಿಸಿತು. ಉರುಗ್ವೆಯೊಡನೆ ಕೊನೆಯ ಪಂದ್ಯ ಉಳಿದಿತ್ತು. ಅದರಲ್ಲಿ ಗೆಲ್ಲಬೇಕೆಂದೂ ಇರಲಿಲ್ಲ, ಸಮ ಮಾಡಿಕೊಂಡರೆ ಸಾಕಿತ್ತು. ಜುಲೈ 16ರಂದು ಹೊಸದಾಗಿ ಕಟ್ಟಿದ ಮರಕಾನಾ ಕ್ರೀಡಾಂಗಣದಲ್ಲಿ ಎರಡು ಲಕ್ಷದಷ್ಟು ಜನ ಸೇರಿದರು. ಒಂದು ಪತ್ರಿಕೆ ತಂಡದ ಚಿತ್ರವನ್ನು ಅಚ್ಚು ಹಾಕಿ, ಇವರೇ ವಿಶ್ವ ಚಾಂಪಿಯನ್ನರು ಎಂದು ಪಂದ್ಯಕ್ಕೆ ಮೊದಲೇ ಸಾರಿತು. ನಗರದ ಮೇಯರರು ಆಟ ಶುರುವಾಗುವ ಮುನ್ನವೇ ಆಟಗಾರರನ್ನು ವಿಜಯಿಗಳೆಂದು ಕರೆದು ಭಾಷಣ ಮಾಡಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದಾಯಿತು.

ವಿರಾಮದ ಬಳಿಕ, 47ನೇ ನಿಮಿಷದಲ್ಲಿ ಫ್ರಿಯಾಸಾ ಬ್ರೆಜಿಲಿನ ಪರವಾಗಿ ಗೋಲು ಹೊಡೆದರು. 66ನೇ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲದಂಚಿನಲ್ಲಿ ಬಿಗೋಡಿಯನ್ನು ದಾಟಿ ಓಡಿ, ಚೆಂಡನ್ನು ನಡುವಿಗೆ ಕೊಟ್ಟರು. ಸ್ಕಿಯಾಫಿನೋ ಅದನ್ನು ಗೋಲಾಗಿಸಿದರು. 1–1. ಆಗಲೂ ಬ್ರೆಜಿಲೇ ಚಾಂಪಿಯನ್. ಮತ್ತೆ 13 ನಿಮಿಷ ಕಳೆದು, 79ನೇ ನಿಮಿಷದಲ್ಲಿ ಅದೇ ಗಿಗ್ಗಿಯಾ ಅದೇ ಬಲದಂಚಿನಲ್ಲಿ ಮತ್ತೊಮ್ಮೆ ನುಗ್ಗಿದರು. ಮೊದಲಿನಂತೆ ಈ ಸಲವೂ ಚೆಂಡು ನಡುವಿಗೆ ಬರುತ್ತದೆ ಎಂದೆಣಿಸಿದ ಬಾರ್ಬೋಸಾ ಕಂಬದ ಬದಿಯಿಂದ ಒಂದು ಹೆಜ್ಜೆ ಈಚೆಗೆ ಬಂದರು. ಗಿಗ್ಗಿಯಾ ನಡುವಿಗೆ ಕೊಡಲಿಲ್ಲ. ಕಂಬಕ್ಕೂ ಗೋಲ್‌ಕೀಪರನಿಗೂ ನಡುವೆ ಇದ್ದ ಆ ಕಿರುದಾರಿಯಲ್ಲಿ ನೇರವಾಗಿ ಹೊಡೆದರು. ಬಾರ್ಬೋಸಾ ಹಿಂದಕ್ಕೆ ಎಗರಿದರು. ಚೆಂಡು ಕೈಗೆ ತಗಲಿತು, ಹೊರಗೆ ಹೋಯಿತು ಎಂದೇ ಅವರು ತಿಳಿದರಂತೆ. ಕ್ರೀಡಾಂಗಣವೆಲ್ಲ ನಿಶ್ಶಬ್ದವಾದಾಗ ಮಾತ್ರ, ಚೆಂಡು ಬಲೆಯೊಳಗಿದೆ ಎಂದು ಅವರಿಗೆ ಗೊತ್ತಾಯಿತು. ಪಂದ್ಯ 2–1ರಿಂದ ಉರುಗ್ವೆಯ ಪಾಲಾಯಿತು.

ಇಲ್ಲಿ ಲೆಕ್ಕವನ್ನು ಸರಿಯಾಗಿ ಹಾಕಿ ನೋಡಬೇಕು. ಆ ಪಂದ್ಯಾಟದಲ್ಲಿ ಬ್ರೆಜಿಲ್ ಆಡಿದ್ದು ಆರು ಪಂದ್ಯ. ಬಿಟ್ಟುಕೊಟ್ಟದ್ದು ಒಟ್ಟು ಆರು ಗೋಲು. ಹಿಂದಿನ ಎರಡು ಪಂದ್ಯಗಳಲ್ಲಿ ಹದಿಮೂರು ಗೋಲು ಹೊಡೆದಿದ್ದ ಮುನ್ನಡೆಯವರು ಅಂದು ಹೊಡೆದದ್ದು ಒಂದೇ ಒಂದು. ಒಂದೇ ದಾರಿಯಲ್ಲಿ, ಒಬ್ಬನೇ ಎದುರಾಳಿ ಎರಡು ಸಲ ನುಗ್ಗಿದಾಗ ಅವನನ್ನು ತಡೆಯುವ ಉಪಾಯವನ್ನು ತರಬೇತುದಾರರಾಗಲಿ, ರಕ್ಷಣೆಯ ಆಟಗಾರರಾಗಲಿ ಮಾಡಿಕೊಂಡಿರಲಿಲ್ಲ. ಎದುರಾಳಿಯನ್ನು ಹಗುರವಾಗಿ ಕಂಡ ಪತ್ರಿಕೆಗಳ ಪಾಲೂ, ಮುಖಂಡರ ಪಾಲೂ ಇದರಲ್ಲಿ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಓಬ್ದೂಲಿಯೊ ವರೇಲಾ ಅವರ ನಾಯಕತ್ವದಲ್ಲಿ ಉರುಗ್ವೆ ಚೆನ್ನಾಗಿ ಆಡಿತು ಎಂಬ ಸರಳ ಸತ್ಯವೂ ಇದೆ. ಇಷ್ಟು ಮಂದಿಯ ಪಾಲು ಕಳೆದ ಮೇಲೆ ಗೋಲ್‌ಕೀಪರನ ಪಾಲಿಗೆ ಉಳಿಯುವುದೆಷ್ಟು? 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಬಾಗಿಲನ್ನು ಒಬ್ಬನೇ ಕಾಯುವವನು, ಕಣ್ಣೆವೆ ಇಕ್ಕುವಷ್ಟರಲ್ಲಿ, ಮೊದಲಿನ ಅನುಭವದಿಂದ ಪಾಠ ಕಲಿತು ಇಟ್ಟ ಒಂದು ಹೆಜ್ಜೆ ಅದು. ಗಿಗ್ಗಿಯಾ ಚೆಂಡನ್ನು ನಡುವಿಗೆ ಕೊಟ್ಟಿದ್ದರೆ, ಎಂಥ ದೂರದೃಷ್ಟಿಯ ಗೋಲ್‌ಕೀಪರ್ ಎಂದು ಅದೇ ಜನ ಹೊಗಳುತ್ತಿದ್ದರು.

ಆದರೆ ಜನ ಹೀಗೆ ಲೆಕ್ಕ ಹಾಕಲಿಲ್ಲ. ಹನ್ನೊಂದು ಮಂದಿಯ ಸೋಲಿಗೆ ಮೂವರನ್ನು ಹೊಣೆಯಾಗಿಸಿದರು: ಬಾರ್ಬೋಸಾ, ಬಿಗೋಡಿ ಮತ್ತು ಜುವೆನಾಲ್. ಮೂವರೂ ಕಪ್ಪು ವರ್ಣದವರಾಗಿದ್ದುದು ಆಕಸ್ಮಿಕವಲ್ಲ. ಆ ಮೂವರಲ್ಲಿಯೂ ಹೊರೆಯ ದೊಡ್ಡ ಪಾಲು ಬಿದ್ದದ್ದು ಗೋಲ್‌ಕೀಪರನ ತಲೆಗೆ. ಕಪ್ಪು ವರ್ಣದವರು ಗೋಲು ಕಾಯಲು ತಕ್ಕವರಲ್ಲ ಎಂಬ ಮೂಢ ಮಾತು ಆ ದೇಶದಲ್ಲಿ ದಶಕಗಟ್ಟಲೆ ಓಡಾಡಿತು. 1966ರಲ್ಲಿ ಮಾಂಗಾ ಒಂದು ಪಂದ್ಯದಲ್ಲಿ ನಿಂತದ್ದನ್ನು ಬಿಟ್ಟರೆ, ವಿಶ್ವಕಪ್ಪಿನಲ್ಲಿ ಬ್ರೆಜಿಲಿನ ಖಾಯಂ ಗೋಲ್‌ಕೀಪರ್ ಆಗಿ ಕಪ್ಪು ವರ್ಣದವರೊಬ್ಬರು ಮತ್ತೆ ಕಾಣಿಸಿಕೊಂಡದ್ದು 2006ರಲ್ಲಿ, ದಿಡಾ ಅವರ ಮೂಲಕ.

ಬಾರ್ಬೋಸಾ ಅವರು ಆ ದಿನವೇ ಆಟ ಬಿಟ್ಟು ಮೂಲೆ ಸೇರಿದರು ಎಂದು ಯಾರೂ ತಿಳಿಯಬಾರದು. ಅವರ ವೃತ್ತಿಜೀವನದ ನಿಜವಾದ ದೊಡ್ಡತನ ಇರುವುದು ಅದರ ಅನಂತರವೇ. ಆ ವರ್ಷದ ರಿಯೋ ಚಾಂಪಿಯನ್ ಪಟ್ಟವನ್ನು ವಾಸ್ಕೋ ಗೆದ್ದಾಗ ಗೋಲಿನಲ್ಲಿ ಅವರೇ ಇದ್ದರು. 1952ರಲ್ಲಿ ಮತ್ತೊಮ್ಮೆ ಗೆದ್ದರು. 1953ರಲ್ಲಿ ಆಟದ ನಡುವೆ ಕಾಲು ಮುರಿಯಿತು. ವಾಸಿ ಮಾಡಿಕೊಂಡು ಮರಳಿದರು. ರೆಸಿಫಿಯ ಸಾಂತಾ ಕ್ರೂಸ್ ಮುಂತಾದ ಕ್ಲಬ್ಬುಗಳಲ್ಲಿ ಆಡಿ, ಪುನಃ ವಾಸ್ಕೋಗೆ ಬಂದು 1958ರ ಚಾಂಪಿಯನ್ ತಂಡದಲ್ಲೂ ಇದ್ದರು. 41ನೇ ವಯಸ್ಸಿನಲ್ಲಿ, 1962ರಲ್ಲಿ ಆಟದಿಂದ ನಿವೃತ್ತರಾದರು. ಕೈಗೆ ಗವುಸು ಇಲ್ಲದೆ ಗೋಲು ಕಾಯುತ್ತಿದ್ದ ಕಾಲದ, ಬೆರಳುಗಳೆಲ್ಲ ಡೊಂಕಾದ ಮನುಷ್ಯ. ಆ ಒಂದು ಮಧ್ಯಾಹ್ನದ ಅನಂತರವೂ ಹನ್ನೆರಡು ವರ್ಷ ಗೋಲಿನಲ್ಲಿ ನಿಂತ ಧೈರ್ಯವನ್ನು ನೋಡುವ ಕಣ್ಣು ಮಾತ್ರ ಆ ದೇಶಕ್ಕೆ ಇಲ್ಲದೆ ಹೋಯಿತು.

ನಿವೃತ್ತಿಯ ಬಳಿಕ ಅವರು ಹೊಟ್ಟೆಪಾಡಿಗೆ ಕೆಲಸ ಮಾಡಿದ್ದು ಅದೇ ಮರಕಾನಾ ಕ್ರೀಡಾಂಗಣದ ಆವರಣದಲ್ಲಿ ಎಂಬುದು ವಿಧಿಯ ವಿಲಾಸವೇ ಸರಿ. 1970ರ ಸುಮಾರಿಗೆ ಅಂಗಡಿಯೊಂದರಲ್ಲಿ ಒಬ್ಬಾಕೆ ಅವರತ್ತ ಬೆರಳು ತೋರಿಸಿ, ಇಡೀ ಬ್ರೆಜಿಲನ್ನು ಅಳಿಸಿದ ಮನುಷ್ಯ ಇವನೇ ನೋಡು ಎಂದು ತನ್ನ ಮಗನಿಗೆ ಹೇಳಿದಳಂತೆ. ಆ ಹುಡುಗ ಹುಟ್ಟುವ ಎಷ್ಟೋ ಮೊದಲು ಮುಗಿದುಹೋಗಿದ್ದ ಪಂದ್ಯ ಅದು. ಆದರೂ ಆ ಮಗುವಿಗೂ ದ್ವೇಷದ ಪಾಲು ಸಿಕ್ಕಿತು. 1993ರಲ್ಲಿ, ಉರುಗ್ವೆಯೊಡನೆ ನಿರ್ಣಾಯಕ ಪಂದ್ಯವೊಂದು ಹತ್ತಿರವಿದ್ದಾಗ, ರಾಷ್ಟ್ರತಂಡದ ತರಬೇತಿ ಶಿಬಿರವನ್ನು ನೋಡಲು ಹೋದ ಎಪ್ಪತ್ತೆರಡರ ಈ ವೃದ್ಧರನ್ನು ಆಟಗಾರರ ಬಳಿಗೆ ಬಿಡಲಿಲ್ಲ. ಅಪಶಕುನವೆಂಬ ಭಯವೇ ಕಾರಣವೆಂದು ವರದಿಯಾಯಿತು. ತಮ್ಮ ದೇಶದ ಕಾನೂನಿನಲ್ಲಿ ಎಂಥ ಅಪರಾಧಕ್ಕೂ ಮೂವತ್ತು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲ, ತಾವು ಮಾಡದ ಅಪರಾಧಕ್ಕೆ ಐವತ್ತು ವರ್ಷ ಶಿಕ್ಷೆ ಅನುಭವಿಸುತ್ತಿದ್ದೇವೆ ಎಂಬ ಅರ್ಥದ ಮಾತನ್ನು ಅವರು ಕೊನೆಗಾಲದಲ್ಲಿ ಆಡಿದ್ದರು. 2000ದ ಏಪ್ರಿಲ್ 7ರಂದು ಸಮುದ್ರತೀರದ ಪ್ರಾಯ ಗ್ರಾಂದಿ ಎಂಬ ಊರಿನಲ್ಲಿ, ಹೆಚ್ಚು ಅನುಕೂಲವಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು.

ಇನ್ನು ಹಳದಿ ಅಂಗಿಯ ಸಂಗತಿ. 1950ರಲ್ಲಿ ಬ್ರೆಜಿಲ್ ತೊಡುತ್ತಿದ್ದುದು ನೀಲಿ ಕಾಲರಿನ ಬಿಳಿ ಅಂಗಿ. ಸೋಲಿನ ಅನಂತರ ಅದೂ ಅಪಶಕುನದ ಪಟ್ಟಿಗೆ ಸೇರಿತು. 1953ರಲ್ಲಿ ರಿಯೋದ ಒಂದು ದಿನಪತ್ರಿಕೆ, ರಾಷ್ಟ್ರಧ್ವಜದ ನಾಲ್ಕು ಬಣ್ಣಗಳೂ ಇರುವ ಹೊಸ ಉಡುಪಿಗಾಗಿ ಸ್ಪರ್ಧೆ ಏರ್ಪಡಿಸಿತು. ಗೆದ್ದವನು ಅಲ್ದೀರ್ ಗಾರ್ಸಿಯಾ ಶ್ಲೀ ಎಂಬ ಹತ್ತೊಂಬತ್ತರ ತರುಣ. ಬ್ರೆಜಿಲ್ ಮತ್ತು ಉರುಗ್ವೆಯ ಗಡಿಯ ಜಗ್ವಾರಾವೊ ಎಂಬ ಊರಿನವನು. ಮುಂದೆ ಸಾಹಿತಿಯಾಗಿ ಹೆಸರು ಪಡೆದ ಆತ, ಆಟದಲ್ಲಿ ತನ್ನ ಒಲವು ಆಚೆ ದಡದ ಉರುಗ್ವೆಯ ಕಡೆಗೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥ ಗಡಿನಾಡಿನವರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನಮ್ಮ ಗಮನಕ್ಕೆ ಬರಬೇಕಾದ ಮಾತು ಬೇರೆ. ಬ್ರೆಜಿಲ್ ಅಂಗಿಯನ್ನು ಬದಲಿಸಿತು, 1958ರಿಂದ ಮೊದಲ್ಗೊಂಡು 2002ರ ವರೆಗೆ ಐದು ವಿಶ್ವಕಪ್ಪುಗಳನ್ನು ಗೆದ್ದಿತು. ಇಷ್ಟು ಗೆದ್ದ ಬಳಿಕವೂ ಆ ಒಬ್ಬ ಮನುಷ್ಯನನ್ನು ಕ್ಷಮಿಸುವುದಕ್ಕೆ ಅದರಿಂದ ಆಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆಯ ನಾಡಿನ ನಮಗೆ ಚೆನ್ನಾಗಿ ಗೊತ್ತು. ಇಲ್ಲಿ ಐದು ಆನೆ ಬಂದರೂ ಅಡಿಕೆಯ ಲೆಕ್ಕ ಚುಕ್ತಾ ಆಗಲಿಲ್ಲ.

ಇದು ಎಲ್ಲೋ ದೂರದ ದೇಶದ ದೋಷ ಎಂದು ಸುಮ್ಮನಾಗುವಂತಿಲ್ಲ. ಕೇರಳ 1973ರಲ್ಲಿ ಎರ್ನಾಕುಳಂನಲ್ಲಿ ರೈಲ್ವೇಸನ್ನು 3–2ರಿಂದ ಸೋಲಿಸಿ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಿತು. ನಾಯಕ ಮಣಿ ಅವರು ಹೊಡೆದ ಮೂರು ಗೋಲುಗಳ ಕಥೆಯನ್ನು ಹಳಬರು ಇಂದಿಗೂ ಹೇಳುತ್ತಾರೆ. ಆ ದಿನ ಗೋಲು ಕಾದವರು ಯಾರು ಎಂದು ಕೇಳಿದರೆ ಎಷ್ಟು ಮಂದಿ ಉತ್ತರಿಸಿಯಾರು? ಹಾಕಿಯಲ್ಲಿಯೂ ಹಾಗೆಯೇ. ನಮ್ಮ ನೆರೆಯ ಕಣ್ಣೂರಿನ ಮ್ಯಾನ್ಯುಯೆಲ್ ಫ್ರೆಡರಿಕ್ ಅವರು 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್‌ಕೀಪರ್; ಒಲಿಂಪಿಕ್ ಪದಕ ಪಡೆದ ಮೊದಲ ಕೇರಳೀಯರು. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ದೊರೆತದ್ದು 2019ರಲ್ಲಿ, 47 ವರ್ಷಗಳ ಬಳಿಕ. 2025ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ತಡೆದ ನೂರು ಚೆಂಡುಗಳನ್ನು ಮರೆಯುವುದೂ, ತಪ್ಪಿಹೋದ ಒಂದನ್ನು ನೆನಪಿಡುವುದೂ ಒಂದೇ ನಾಣ್ಯದ ಎರಡು ಮುಖಗಳು.

ಕಾಲ ಬದಲಾದಂತೆ ಈ ದೋಷ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. 2018ರ ಮೇ 26ರಂದು ಕೀವ್ ನಗರದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಲಿವರ್‌ಪೂಲಿನ ಗೋಲ್‌ಕೀಪರ್ ಲೋರಿಸ್ ಕಾರಿಯುಸ್ ಎರಡು ದೊಡ್ಡ ತಪ್ಪು ಮಾಡಿದರು. ರಿಯಲ್ ಮ್ಯಾಡ್ರಿಡ್ 3–1ರಿಂದ ಗೆದ್ದಿತು. ಅಂದು ರಾತ್ರಿಯೇ ಅವರಿಗೂ ಅವರ ಮನೆಯವರಿಗೂ ಕೊಲೆಬೆದರಿಕೆಗಳು ಬಂದವು. ಆಟದ ನಡುವೆ ತಲೆಗೆ ಬಿದ್ದ ಪೆಟ್ಟಿನಿಂದ ಅವರ ಮೆದುಳಿಗೆ ಆಘಾತವಾಗಿತ್ತು, ಅದು ದೃಷ್ಟಿ ಮತ್ತು ಅಂದಾಜಿನ ಮೇಲೆ ಪರಿಣಾಮ ಮಾಡಿದ್ದಿರಬಹುದು ಎಂದು ಪರೀಕ್ಷಿಸಿದ ಅಮೆರಿಕದ ವೈದ್ಯರು ಕೆಲವೇ ದಿನಗಳಲ್ಲಿ ಹೇಳಿದರು. ಅಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಬಾರ್ಬೋಸಾ ಅವರನ್ನು ದೂರಿದವರಿಗೆ ಅವರನ್ನು ಬೀದಿಯಲ್ಲಿ ಕಾಣಬೇಕಾಗುತ್ತಿತ್ತು. ಈಗಿನವರ ಕೈಯಲ್ಲೇ ಫೋನು ಇದೆ. ಎದುರಿಗೆ ನಿಂತು ಹೇಳಲು ನಾಚುವ ಮಾತನ್ನು ಕುಳಿತಲ್ಲಿಂದಲೇ ಕಳುಹಿಸಬಹುದು.

ಸೋಲನ್ನು ಒಬ್ಬನ ತಲೆಗೆ ಕಟ್ಟುವ ಈ ಬುದ್ಧಿ ದೊಡ್ಡವರಾದ ಮೇಲೆ ಥಟ್ಟನೆ ಹುಟ್ಟುವುದಲ್ಲ. ಅದರ ಮೊದಲ ಪಾಠ ಶಾಲೆಯ ಮೈದಾನದಲ್ಲಿಯೇ ಆಗುತ್ತದೆ. ಮಕ್ಕಳು ತಂಡ ಕಟ್ಟುವಾಗ ಓಡಲಾರದವನನ್ನು, ಎಲ್ಲರಿಗಿಂತ ಕೊನೆಗೆ ಉಳಿದವನನ್ನು ಗೋಲಿಗೆ ನಿಲ್ಲಿಸುತ್ತಾರೆ. ಸೋತರೆ ಅವನನ್ನೇ ಬೈಯುತ್ತಾರೆ. ಇದನ್ನು ಮಕ್ಕಳಾಟ ಎಂದು ಬಿಟ್ಟುಬಿಡಬಹುದು. ಆದರೆ ಮೈದಾನದಿಂದ ತರಗತಿಯೊಳಗೆ ಬಂದರೆ ದೊಡ್ಡವರಾದ ನಾವೇ ನಡೆಸುವ ಇಂಥದೇ ಇನ್ನೊಂದು ಆಟ ಇದೆ. ಅದರ ಹೆಸರು ನೂರು ಶೇಕಡಾ ಫಲಿತಾಂಶ.

ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2021ರಿಂದ 2025ರ ತನಕ ಪ್ರತಿ ವರ್ಷವೂ ನೂರರಲ್ಲಿ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ತೇರ್ಗಡೆಯಾಗಿದ್ದಾರೆ. ಫಲಿತಾಂಶ ಬಂದ ಮರುದಿನ ಶಾಲೆಯ ಗೇಟಿನಲ್ಲಿ, ಪೇಟೆಯ ವೃತ್ತದಲ್ಲಿ ಫ್ಲೆಕ್ಸ್ ಬೋರ್ಡುಗಳು ಏಳುತ್ತವೆ: ನಮ್ಮ ಶಾಲೆಗೆ ನೂರು ಶೇಕಡಾ, ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಪಡೆದವರು ಇಷ್ಟು ಮಂದಿ. ಸಂತೋಷಪಡಬೇಕಾದುದೇ. ಆದರೆ ಎಂಬತ್ತು ಮಕ್ಕಳಲ್ಲಿ ಎಪ್ಪತ್ತೊಂಬತ್ತು ಮಂದಿ ತೇರ್ಗಡೆಯಾಗಿ, ಒಬ್ಬ ಹುಡುಗ ಒಂದು ವಿಷಯದಲ್ಲಿ ಹಿಂದೆ ಬಿದ್ದ ಶಾಲೆಯನ್ನು ನೋಡಿ. ಆ ಒಬ್ಬನಿಂದ ನೂರು ಶೇಕಡಾ ತಪ್ಪಿತು ಎಂಬ ಮಾತು ಊರಲ್ಲೆಲ್ಲ ಹಬ್ಬುತ್ತದೆ. ಹೆತ್ತವರು ತಲೆ ತಗ್ಗಿಸುತ್ತಾರೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ ಆ ಹುಡುಗನತ್ತ ಬೆರಳು ತೋರಿಸುವವರಿದ್ದಾರೆ. ಅವನ ಮನೆಯಲ್ಲಿ ಓದಲು ಜಾಗವಿತ್ತೇ, ವರ್ಷದ ನಡುವೆ ಪಾಠ ಮಾಡುವ ಮಾಸ್ತರರು ಇದ್ದರೇ, ಕೈಯಲ್ಲಿ ಪುಸ್ತಕ ಸಕಾಲಕ್ಕೆ ಬಂದಿತ್ತೇ ಎಂದು ಕೇಳುವವರಿಲ್ಲ. ಚೆಂಡು ಹತ್ತು ಮಂದಿಯನ್ನು ದಾಟಿಯೇ ಗೋಲ್‌ಕೀಪರನ ಬಳಿಗೆ ಬರುತ್ತದೆ. ಸೋತ ಮಗುವಿನ ಬಳಿಗೆ ಸೋಲು ಬರುವುದೂ ಶಾಲೆ, ಮನೆ, ಊರು, ಸರಕಾರ ಇಷ್ಟನ್ನೂ ದಾಟಿಯೇ.

ಆದ್ದರಿಂದ ನಾವು ಕೆಲವು ಮಾತುಗಳನ್ನು ವಿನಯದಿಂದ ಮುಂದಿಡುತ್ತೇವೆ. ಬೇಸಗೆಯಲ್ಲಿ ಗದ್ದೆಗದ್ದೆಗಳಲ್ಲಿ ಸೆವೆನ್ಸ್ ಪಂದ್ಯಾಟ ನಡೆಸುವ ನಮ್ಮ ಕ್ಲಬ್ಬುಗಳು, ಹೆಚ್ಚು ಗೋಲು ಹೊಡೆದವನಿಗೆ ಕೊಡುವಷ್ಟೇ ದೊಡ್ಡ ಬಹುಮಾನವನ್ನು ಉತ್ತಮ ಗೋಲ್‌ಕೀಪರನಿಗೂ ಕೊಡಲಿ. ಸೋತ ತಂಡದ ನಾಯಕ ಗೋಲ್‌ಕೀಪರನ ಹೆಗಲ ಮೇಲೆ ಕೈಯಿಟ್ಟು ಮೈದಾನದಿಂದ ಹೊರಗೆ ಬರಲಿ; ನೋಡುವ ಹುಡುಗರಿಗೆ ಹತ್ತು ಭಾಷಣಗಳಿಗಿಂತ ಅದು ಹೆಚ್ಚು ಕಲಿಸುತ್ತದೆ. ಶಾಲೆಗಳಲ್ಲಿ ಗೋಲಿಗೆ ನಿಲ್ಲುವ ಸರದಿ ಎಲ್ಲ ಮಕ್ಕಳಿಗೂ ಬರಲಿ. ಒಂದು ದಿನ ಆ ಕಂಬಗಳ ನಡುವೆ ಒಂಟಿಯಾಗಿ ನಿಂತವನು ಇನ್ನೊಬ್ಬನನ್ನು ಸುಲಭದಲ್ಲಿ ಬೈಯಲಾರ. ಫಲಿತಾಂಶದ ಬೋರ್ಡು ಬೇಕೇ ಬೇಕೆಂದಿದ್ದರೆ, ಅದನ್ನು ಕಟ್ಟುವ ಮೊದಲು ಹಿಂದೆ ಬಿದ್ದ ಮಗುವಿನ ಮನೆಗೆ ಮಾಸ್ತರರೊಬ್ಬರು ಹೋಗಿಬರಲಿ. ಸೇ ಪರೀಕ್ಷೆಗೆ ಅವನನ್ನು ಸಿದ್ಧಪಡಿಸುವ ಕೆಲಸ ಅಂದೇ ಶುರುವಾಗಲಿ.

2014ರ ಜುಲೈ 8ರಂದು ಬ್ರೆಜಿಲ್ ತನ್ನದೇ ನೆಲದಲ್ಲಿ ಜರ್ಮನಿಯ ಎದುರು 7–1ರಿಂದ ಸೋತಾಗ, 1950ರ ಗೋಲ್‌ಕೀಪರನ ಹೆಸರನ್ನು ಆ ದೇಶದ ಎಷ್ಟೋ ಮಂದಿ ಬೇರೆಯೇ ದನಿಯಲ್ಲಿ ನೆನೆದರು. ಈಚಿನ ವರ್ಷಗಳಲ್ಲಿ ವಾಸ್ಕೋ ಕ್ಲಬ್ಬು ತನ್ನ ತರಬೇತಿ ಕೇಂದ್ರಕ್ಕೆ ಬಾರ್ಬೋಸಾ ಅವರ ಹೆಸರಿಟ್ಟಿದೆ. ಒಳ್ಳೆಯ ಕೆಲಸ. ಆದರೆ ಆ ಹೆಸರನ್ನು ಓದಿ ಹಿಗ್ಗಬೇಕಾಗಿದ್ದ ಮನುಷ್ಯ ಇಲ್ಲ. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರೂ ಬರುತ್ತಾರೆ. ಸೋತವನ ಬಳಿಗೆ ಹೋಗಬೇಕಾದದ್ದು ಅವನು ಬದುಕಿರುವಾಗ. ಮುಂದಿನ ಸಲ ನಮ್ಮ ಹುಡುಗರು ಹಳದಿ ಬಾವುಟ ಕಟ್ಟಲು ಏಣಿ ಹತ್ತಿದಾಗ, ಏಣಿ ಹಿಡಿದು ನಿಂತ ಹಿರಿಯರು ಈ ಕಥೆಯನ್ನು ಅವರಿಗೆ ಹೇಳಲಿ. ಈ ವರ್ಷದ ಫಲಿತಾಂಶದಲ್ಲಿ ಹಿಂದೆ ಬಿದ್ದ ಮಗು ನಮ್ಮ ಊರಿನಲ್ಲೂ ಒಂದಿದ್ದೀತು. ಅದರ ಮನೆಗೆ ಹೋಗಿಬರಲು ಐವತ್ತು ವರ್ಷ ಕಾಯಬೇಕಾಗಿಲ್ಲ.